ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕದ ಒಂದು ಕಾದಂಬರಿ ಅಟ್ಲಾಂಟಿಕ್ ದಾಟಿ ಫ್ರಾನ್ಸ್ ಸೇರುವಷ್ಟರಲ್ಲಿ ಅದರೊಳಗಿನ ಐದು ಜನ ಕಾಣೆಯಾಗಿದ್ದರು. ತಮಾಷೆ ಅಲ್ಲ. 1964ರಲ್ಲಿ ಬಂದ ಆ ಪುಸ್ತಕದ ಹೆಸರು 'ಪಾಪ್. 1280'. ಊರಿಗೆ ಹೋಗುವ ದಾರಿಯಲ್ಲಿ ಬೋರ್ಡ್ ಹಾಕಿರ್ತಾರಲ್ಲ, ಜನಸಂಖ್ಯೆ ಇಷ್ಟು ಅಂತ, ಅದೇ ಶೀರ್ಷಿಕೆ. 1966ರಲ್ಲಿ ಪ್ಯಾರಿಸ್ಸಿನ ಗಾಲಿಮಾರ್ ಪ್ರಕಾಶನ 'ಸೆರಿ ನ್ವಾರ್' ಎಂಬ ತನ್ನ ಪ್ರಸಿದ್ಧ ಕ್ರೈಂ ಕಾದಂಬರಿ ಮಾಲೆಯಲ್ಲಿ ಇದನ್ನು ತಂದಾಗ ಫ್ರೆಂಚಿನಲ್ಲಿ ಹೆಸರು '1275 ಆತ್ಮಗಳು' ಎಂದಾಯಿತು. ಆ ಐದು ಜನ ಎಲ್ಲಿ ಹೋದರು ಅನ್ನೋದು ಅಲ್ಲಿನ ಓದುಗರಿಗೆ ಎಷ್ಟು ಕಾಡಿತೆಂದರೆ, ಜಾನ್-ಬರ್ನಾರ್ ಪೂಯಿ ಎಂಬ ಲೇಖಕ ಅವರನ್ನು ಹುಡುಕಿಕೊಂಡು ಹೋಗುವ ಒಂದು ಇಡೀ ಕಾದಂಬರಿಯನ್ನೇ ಬರೆದ.

ಇನ್ನೊಂದು ವಿಷಯ. ಆ ಮಾಲೆಯಲ್ಲಿ ಅದು 1000ನೇ ಪುಸ್ತಕ. ಸಾವಿರದ ಸಂಭ್ರಮಕ್ಕೆ ಫ್ರೆಂಚರು ಜಗತ್ತಿನ ಯಾವ ಲೇಖಕನನ್ನು ಬೇಕಾದರೂ ಆರಿಸಬಹುದಿತ್ತು. ಅವರು ಆರಿಸಿದ್ದು ಜಿಮ್ ಥಾಂಪ್ಸನ್‌ನನ್ನು.

ಫ್ರೆಂಚರು ಐದು ಜನರನ್ನು ಕಳೆದರು, ಬರೆದವನನ್ನು ಕಾಪಾಡಿದರು. ಅಮೆರಿಕನ್ನರು ಜನಸಂಖ್ಯೆಯನ್ನು ಸರಿಯಾಗಿಯೇ ಅಚ್ಚು ಹಾಕಿದರು, ಬರೆದವನನ್ನೇ ಕಳೆದರು. 1977ರ ಏಪ್ರಿಲ್ 7ರಂದು ಲಾಸ್ ಏಂಜಲೀಸ್‌ನಲ್ಲಿ ಥಾಂಪ್ಸನ್ ತೀರಿಕೊಂಡಾಗ ಅವನು ಬರೆದಿದ್ದ ಸುಮಾರು ಮೂವತ್ತು ಪುಸ್ತಕಗಳಲ್ಲಿ ಒಂದೇ ಒಂದೂ ಅವನ ದೇಶದ ಅಂಗಡಿಗಳಲ್ಲಿ ಹೊಸ ಪ್ರತಿಯಾಗಿ ಸಿಗುತ್ತಿರಲಿಲ್ಲ. ಕುಬ್ರಿಕ್‌ನ ಸಿನಿಮಾಗೆ ಮಾತು ಬರೆದವನು, ಸ್ಟೀವ್ ಮೆಕ್ವೀನ್‌ಗೆ ಹಿಟ್ ಚಿತ್ರದ ಕತೆ ಕೊಟ್ಟವನು. ಆದರೂ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಯಾಕೆ ಹೀಗಾಯ್ತು? ಅವನು ಕತ್ತಲೆಯ ಬಗ್ಗೆ ಬರೆದ, ಅದಕ್ಕೇ ಜನ ದೂರ ಇಟ್ಟರು ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಆ ಉತ್ತರ ಸಾಲದು. ಪೋ ಬರೆದದ್ದೂ ಕತ್ತಲೆಯೇ, ಫಾಕ್ನರ್‌ದೂ ಕತ್ತಲೆಯೇ. ಅವರಿಗೆ ಸಿಂಹಾಸನ ಸಿಕ್ಕಿತು. ಥಾಂಪ್ಸನ್‌ನ ಕತ್ತಲೆ ಬೇರೆ ತರಹದ್ದು. ಅದಕ್ಕೆ ಪೊಲೀಸ್ ಬ್ಯಾಡ್ಜ್ ಇದೆ, ನಗುಮುಖ ಇದೆ, 'ಚೆನ್ನಾಗಿದ್ದೀರಾ' ಅನ್ನುವ ವಿನಯ ಇದೆ.

ಅದನ್ನು ಅರ್ಥ ಮಾಡಿಕೊಳ್ಳಲು ಅವನು ಹುಟ್ಟಿದ ಮನೆಯಿಂದಲೇ ಶುರು ಮಾಡಬೇಕು. 1906ರ ಸೆಪ್ಟೆಂಬರ್ 27, ಅನಡಾರ್ಕೊ ಎಂಬ ಊರು. ಒಕ್ಲಹೋಮ ಆಗಿನ್ನೂ ರಾಜ್ಯವಾಗಿರಲಿಲ್ಲ, ಬರೀ ಪ್ರಾಂತ್ಯ. ಅಪ್ಪ ಅಲ್ಲಿನ ಕ್ಯಾಡೊ ಕೌಂಟಿಯ ಶೆರಿಫ್. ಶೆರಿಫ್ ಅಂದರೆ ಜನರೇ ಓಟು ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ. ಮಗು ಹುಟ್ಟಿದ್ದೇ ಜೈಲಿನ ಮೇಲಿದ್ದ ಮನೆಯಲ್ಲಿ ಅಂತಾರೆ. ಕೆಲವೇ ದಿನಗಳಲ್ಲಿ ಅಪ್ಪನ ಮೇಲೆ ಸರ್ಕಾರಿ ಹಣ ನುಂಗಿದ ಆರೋಪ ಬಂತು. ಜನರನ್ನು ಹಿಡಿಯಬೇಕಾದ ಶೆರಿಫ್ ತಾನೇ ಮೆಕ್ಸಿಕೊಗೆ ಓಡಿಹೋದ. ಆಮೇಲೆ ಟೆಕ್ಸಸ್‌ನ ಎಣ್ಣೆ ಬಾವಿಗಳಲ್ಲಿ ಹಣ ಹಾಕಿ ಸಿರಿವಂತನಾದ, ಅಷ್ಟೇ ಬೇಗ ಎಲ್ಲ ಕಳೆದುಕೊಂಡ. ಕಾನೂನು ಕಾಯುವವನು ಮತ್ತು ಕಾನೂನಿಂದ ಓಡುವವನು ಒಬ್ಬನೇ ಆಗಿರಬಹುದು ಅನ್ನೋದನ್ನ ಥಾಂಪ್ಸನ್ ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ.

ಹೈಸ್ಕೂಲ್ ವಯಸ್ಸಿಗೇ ದುಡಿಮೆ. ಫೋರ್ಟ್ ವರ್ತ್ ನಗರದ ಹೋಟೆಲ್ ಟೆಕ್ಸಸ್‌ನಲ್ಲಿ ರಾತ್ರಿ ಪಾಳಿಯ ಬೆಲ್‌ಬಾಯ್. (ಮುಂದೆ 1963ರಲ್ಲಿ ಅಧ್ಯಕ್ಷ ಕೆನಡಿ ತಮ್ಮ ಕೊನೆಯ ರಾತ್ರಿ ಕಳೆದದ್ದು ಇದೇ ಹೋಟೆಲಿನಲ್ಲಿ.) ಅದು ಮದ್ಯ ನಿಷೇಧದ ಕಾಲ. ತಿಂಗಳ ಸಂಬಳ 15 ಡಾಲರ್. ಆದರೆ ಕೋಣೆಗಳಿಗೆ ಗುಟ್ಟಾಗಿ ಹೆಂಡ, ಮಾದಕ ವಸ್ತು ತಲುಪಿಸಿದರೆ ವಾರಕ್ಕೆ 300 ಡಾಲರ್‌ವರೆಗೂ ಗಿಟ್ಟುತ್ತಿತ್ತಂತೆ. ಹಗಲು ಶಾಲೆ, ರಾತ್ರಿ ಈ ಕೆಲಸ, ನಡುವೆ ನಿದ್ದೆಗೆಡದಿರಲು ತಾನೂ ಕುಡಿಯುವುದು. ಹತ್ತೊಂಬತ್ತರ ಆಸುಪಾಸಿಗೆ ದೇಹ ಮನಸ್ಸು ಎರಡೂ ಕುಸಿದವು. ಕುಡಿತ ಮಾತ್ರ ಕೊನೆವರೆಗೂ ಬಿಡಲಿಲ್ಲ. ಆ ಹೋಟೆಲಿನ ಕಾರಿಡಾರ್ ಅವನಿಗೆ ಕಲಿಸಿದ್ದು ಇಷ್ಟು: ಹೊರಗೆ ಕೋಟು ಟೋಪಿ ಹಾಕಿಕೊಂಡು ನಿಷೇಧದ ಪರ ಮಾತಾಡುವವರಿಗೂ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ದನಿ ಇರುತ್ತದೆ.

ಆಮೇಲೆ ಪಶ್ಚಿಮ ಟೆಕ್ಸಸ್‌ನ ಎಣ್ಣೆ ಬಾವಿಗಳಲ್ಲಿ ಕೂಲಿ. ನೆಬ್ರಾಸ್ಕದಲ್ಲಿ ಸ್ವಲ್ಪ ಕಾಲ ಕಾಲೇಜು. 1931ರಲ್ಲಿ ಆಲ್ಬರ್ಟಾ ಜೊತೆ ಮದುವೆ, ಮೂರು ಮಕ್ಕಳು. ಮಹಾ ಆರ್ಥಿಕ ಕುಸಿತದ ಕಾಲ ಬೇರೆ. ನಿಜ ಕೊಲೆ ಪ್ರಕರಣಗಳನ್ನು ಬರೆದು ಪತ್ರಿಕೆಗಳಿಗೆ ಮಾರಿ ಹೊಟ್ಟೆ ಹೊರೆದ. ಕೆಲವು ವರ್ಷ ಕಮ್ಯುನಿಸ್ಟ್ ಪಕ್ಷದಲ್ಲಿದ್ದ. ನಿರುದ್ಯೋಗಿ ಬರಹಗಾರರಿಗೆ ಕೆಲಸ ಕೊಡಲು ರೂಸ್‌ವೆಲ್ಟ್ ಸರ್ಕಾರ ಶುರು ಮಾಡಿದ್ದ ಯೋಜನೆಯ ಒಕ್ಲಹೋಮ ವಿಭಾಗಕ್ಕೆ 1938ರಲ್ಲಿ ಮುಖ್ಯಸ್ಥನೂ ಆದ. ಗಾಯಕ ವುಡಿ ಗಥ್ರಿ ಗೆಳೆಯ. ಮೊದಲ ಕಾದಂಬರಿ 1942ರಲ್ಲಿ, ಎರಡನೆಯದು 1946ರಲ್ಲಿ. ಎರಡೂ ಗಟ್ಟಿ ರಟ್ಟಿನ 'ಮರ್ಯಾದಸ್ಥ' ಪುಸ್ತಕಗಳು. ಎರಡೂ ಓಡಲಿಲ್ಲ.

ಓಡಿದ್ದು ರಟ್ಟು ಇಲ್ಲದವು. ಇಲ್ಲಿ ಸ್ವಲ್ಪ ಪುಸ್ತಕೋದ್ಯಮದ ಇತಿಹಾಸ ಬೇಕಾಗುತ್ತೆ. 1939ರಲ್ಲಿ 'ಪಾಕೆಟ್ ಬುಕ್ಸ್' ಕಂಪನಿ 25 ಸೆಂಟಿಗೊಂದು ಪೇಪರ್‌ಬ್ಯಾಕ್ ತಂದು ಅಮೆರಿಕದ ಓದಿನ ಅಭ್ಯಾಸವನ್ನೇ ಬದಲಿಸಿತ್ತು. ಮೊದಮೊದಲು ಹೀಗೆ ಬರುತ್ತಿದ್ದುದು ಈಗಾಗಲೇ ರಟ್ಟಿನಲ್ಲಿ ಬಂದಿದ್ದ ಪುಸ್ತಕಗಳ ಅಗ್ಗದ ಆವೃತ್ತಿ. 1950ರ ಹೊತ್ತಿಗೆ ಕೆಲವು ಪ್ರಕಾಶಕರು ನೇರವಾಗಿ ಪೇಪರ್‌ಬ್ಯಾಕ್‌ಗೇ ಹೊಸ ಕಾದಂಬರಿ ಬರೆಸಲು ಶುರು ಮಾಡಿದರು. ಮಾರಾಟ ಪುಸ್ತಕದಂಗಡಿಯಲ್ಲಲ್ಲ. ಔಷಧಿ ಅಂಗಡಿ, ಬಸ್ ನಿಲ್ದಾಣ, ಸಿಗರೇಟು ಕೌಂಟರಿನ ಪಕ್ಕದ ತಿರುಗುವ ಸ್ಟ್ಯಾಂಡು. ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಪತ್ತೇದಾರಿ ಕಾದಂಬರಿಗಳು ದಾರಕ್ಕೆ ನೇತಾಡುತ್ತಿದ್ದವಲ್ಲ, ಹೆಚ್ಚುಕಡಿಮೆ ಆ ಥರ. ಮುಖಪುಟದಲ್ಲಿ ಅರೆಬಟ್ಟೆಯ ಹೆಣ್ಣು, ಕೈಯಲ್ಲಿ ಪಿಸ್ತೂಲು ಹಿಡಿದ ಗಂಡು. ಓದಿ, ಬಸ್ಸಿನ ಸೀಟಿನಲ್ಲೇ ಬಿಟ್ಟು ಇಳಿಯುವ ಸರಕು.

ಇಂಥ ಪ್ರಕಾಶನಗಳಲ್ಲೊಂದು 'ಲಯನ್ ಬುಕ್ಸ್'. ಮಾಲೀಕ ಮಾರ್ಟಿನ್ ಗುಡ್‌ಮನ್, ಇವತ್ತು ನಾವು ಮಾರ್ವೆಲ್ ಅನ್ನುವ ಕಾಮಿಕ್ಸ್ ಸಾಮ್ರಾಜ್ಯದ ಸ್ಥಾಪಕನೂ ಅವನೇ. ಲಯನ್‌ನ ಸಂಪಾದಕ ಆರ್ನಾಲ್ಡ್ ಹ್ಯಾನೊ ಮತ್ತವನ ಸಹೋದ್ಯೋಗಿ ಒಂದಷ್ಟು ಕಥಾಸಾರಾಂಶಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದರು. ಬರುವ ಲೇಖಕರ ಮುಂದೆ ಮೆನು ಕಾರ್ಡಿನಂತೆ ಹರಡುವುದು, ಅವರು ಒಂದನ್ನು ಎತ್ತಿಕೊಳ್ಳುವುದು. ಥಾಂಪ್ಸನ್ ಎತ್ತಿಕೊಂಡದ್ದು ವೇಶ್ಯೆಯೊಬ್ಬಳ ಜೊತೆ ಸಿಕ್ಕಿಹಾಕಿಕೊಂಡು ಕೊಲೆಗಾರನಾಗುವ ನ್ಯೂಯಾರ್ಕ್ ಪೊಲೀಸನ ಸಾರಾಂಶವನ್ನು. ಕೆಲವೇ ವಾರಗಳಲ್ಲಿ ಬರೆದು ತಂದದ್ದು 'ದಿ ಕಿಲ್ಲರ್ ಇನ್‌ಸೈಡ್ ಮಿ'. ನ್ಯೂಯಾರ್ಕ್ ಮಾಯವಾಗಿತ್ತು. ಅದರ ಜಾಗದಲ್ಲಿ ಪಶ್ಚಿಮ ಟೆಕ್ಸಸ್‌ನ ಒಂದು ಸಣ್ಣ ಎಣ್ಣೆ ಪಟ್ಟಣ ಇತ್ತು, ಅಲ್ಲೊಬ್ಬ ಡೆಪ್ಯುಟಿ ಶೆರಿಫ್ ಇದ್ದ. ಹೆಸರು ಲೂ ಫೋರ್ಡ್. ಪ್ರಕಟವಾದದ್ದು 1952ರಲ್ಲಿ.

ಲೂ ಫೋರ್ಡ್ ಊರಿನ ಅಚ್ಚುಮೆಚ್ಚಿನ ಹುಡುಗ. ಸೊಂಟದಲ್ಲಿ ಪಿಸ್ತೂಲಿಲ್ಲ. ಎಲ್ಲರ ಜೊತೆ ನಿಧಾನ ಮಾತು, ನಗು, ಸ್ವಲ್ಪ ಪೆದ್ದು ಅನ್ನಿಸುವ ಸ್ವಭಾವ. ಅವನಿಗೊಂದು ಆಟ ಇದೆ. ಎದುರು ಸಿಕ್ಕವರ ಮೇಲೆ ಸವಕಲು ಗಾದೆಗಳನ್ನು, ಹಳಸಲು ನೀತಿಮಾತುಗಳನ್ನು ಒಂದರ ಹಿಂದೊಂದು ಸುರಿಯುತ್ತಾನೆ. ಕೇಳುವವರು ಒಳಗೊಳಗೇ ನರಳುತ್ತಾರೆ, ಆದರೆ ಎದ್ದು ಹೋಗುವಂತಿಲ್ಲ, ಯಾಕಂದ್ರೆ ಅವನು ಒಳ್ಳೆಯ ಮಾತನ್ನೇ ಹೇಳ್ತಿದ್ದಾನಲ್ಲ! ಅವನಿಗೆ ಗೊತ್ತು ತಾನು ಹಿಂಸೆ ಮಾಡುತ್ತಿದ್ದೇನೆ ಅಂತ. ಕೈ ಎತ್ತಬಾರದಾದಾಗ ಅವನು ಮಾತಿನಿಂದ ಹೊಡೆಯುತ್ತಾನೆ. ಮನೆಗೆ ಹೋದರೆ ವೈದ್ಯನಾಗಿದ್ದ ಅಪ್ಪನ ಗ್ರಂಥಾಲಯದಲ್ಲಿ ಕೂತು ಮನೋವಿಜ್ಞಾನದ ದಪ್ಪ ಪುಸ್ತಕಗಳನ್ನು ಓದುತ್ತಾನೆ. ಪೆದ್ದುತನವೆಲ್ಲ ವೇಷ. ಒಳಗಿರುವುದನ್ನು ಅವನು 'ಕಾಯಿಲೆ' ಅಂತ ಕರೆಯುತ್ತಾನೆ.

ಕತೆ ಹೇಳುವವನೂ ಅವನೇ. ಇದೇ ನೋಡಿ ಥಾಂಪ್ಸನ್ ಮಾಡಿದ ದೊಡ್ಡ ಕೆಲಸ. ಅದಕ್ಕೂ ಮುಂಚೆ ಕ್ರೈಂ ಕಾದಂಬರಿಯಲ್ಲಿ 'ನಾನು' ಅಂದರೆ ಹೆಚ್ಚಾಗಿ ಪತ್ತೇದಾರ. ಚಾಂಡ್ಲರ್‌ನ ಫಿಲಿಪ್ ಮಾರ್ಲೊ ತರಹದವನು. ಬೀದಿ ಕೊಳಕಾಗಿರುತ್ತೆ, ಅವನು ಮಾತ್ರ ಒಳಗೆ ಶುದ್ಧ. ಜೇಮ್ಸ್ ಎಂ. ಕೇನ್ ಕೊಲೆಗಾರರ ಬಾಯಿಂದಲೂ ಕತೆ ಹೇಳಿಸಿದ್ದ, ನಿಜ. ಆದರೆ ಅವರು ಆಸೆಗೆ ಬಿದ್ದು ಜಾರಿದ ಸಾಮಾನ್ಯರು, ಅವರ ಮೇಲೆ ನಮಗೆ ಕನಿಕರ ಹುಟ್ಟುತ್ತೆ. ಥಾಂಪ್ಸನ್‌ನ 'ನಾನು' ನಮ್ಮನ್ನು ಗೆಳೆಯನ ಹಾಗೆ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋಗುತ್ತಾನೆ, ಜೋಕ್ ಹೇಳುತ್ತಾನೆ, ನಾವು ನಗುತ್ತೇವೆ. ಇನ್ನೆರಡು ಪುಟ ತಿರುಗಿಸಿದರೆ ನಾವು ಯಾವುದಕ್ಕೆ ನಕ್ಕೆವು ಅನ್ನೋದು ಗೊತ್ತಾಗಿ ಹೊಟ್ಟೆ ತೊಳಸುತ್ತದೆ. ನಾನು ಈ ಪುಸ್ತಕವನ್ನು ಮೆಟ್ರೊದಲ್ಲಿ ಓದುವಾಗ ಒಂದೆರಡು ಸಲ ಫೋನಿನ ಪರದೆಯನ್ನು ಪಕ್ಕದವರಿಗೆ ಕಾಣದ ಹಾಗೆ ತಿರುಗಿಸಿಕೊಂಡಿದ್ದೇನೆ.

ಆ ವರ್ಷವನ್ನೂ ಗಮನಿಸಬೇಕು. 1952. ಅದೇ ವರ್ಷ ಅಮೆರಿಕದ ಸಂಸತ್ತು ಇಂಥ ಅಗ್ಗದ ಪುಸ್ತಕಗಳಿಂದ ಸಮಾಜ ಕೆಡುತ್ತಿದೆಯೇ ಎಂದು ವಿಚಾರಿಸಲು ಒಂದು ಸಮಿತಿ ಮಾಡಿತು. ಅರ್ಕನ್ಸಾದ ಸಂಸದ ಗ್ಯಾದಿಂಗ್ಸ್ ಅದರ ಅಧ್ಯಕ್ಷ. ಒಂದು ಕಡೆ ಕಮ್ಯುನಿಸ್ಟರ ಬೇಟೆ, ಇನ್ನೊಂದು ಕಡೆ ಹೊಸ ಮನೆ, ಹೊಸ ಕಾರು, ಟಿ.ವಿ.ಯಲ್ಲಿ ನಗುವ ಆದರ್ಶ ಕುಟುಂಬ. ಕೆಡುಕು ಎಲ್ಲೋ ಹೊರಗಿನಿಂದ ಬರುತ್ತೆ, ವಿದೇಶಿ ಸಿದ್ಧಾಂತದಿಂದಲೋ ಅಶ್ಲೀಲ ಮುಖಪುಟದಿಂದಲೋ ಅಂತ ಇಡೀ ದೇಶ ನಂಬಲು ಬಯಸುತ್ತಿದ್ದ ಹೊತ್ತು ಅದು. 25 ಸೆಂಟಿನ ಪುಸ್ತಕವೊಂದು, ಕೆಡುಕು ಬ್ಯಾಡ್ಜ್ ಹಾಕಿಕೊಂಡು ನಿಮ್ಮದೇ ಊರಿನ ಕಾಫಿ ಅಂಗಡಿಯಲ್ಲಿ ಕೂತಿದೆ ಅಂದಿತು. ನ್ಯೂಯಾರ್ಕ್ ಟೈಮ್ಸ್‌ನ ಕ್ರೈಂ ಅಂಕಣಕಾರ ಆಂಥನಿ ಬೌಚರ್‌ನಂಥ ಕೆಲವರು ಥಾಂಪ್ಸನ್‌ನನ್ನು ಮೆಚ್ಚಿ ಬರೆದರು. ಆದರೆ ಅದು ಕ್ರೈಂ ಅಂಕಣದ ಮೆಚ್ಚುಗೆ. ಸಾಹಿತ್ಯದ ಪುಟ ಅವನತ್ತ ತಿರುಗಲಿಲ್ಲ.

1952ರಿಂದ 1954ರ ನಡುವೆ ಅವನು ಸುಮಾರು ಹನ್ನೆರಡು ಕಾದಂಬರಿ ಬರೆದ. ಎಲ್ಲವೂ ಚೆನ್ನಾಗಿವೆ ಅಂತ ಹೇಳಲಾರೆ. ಕೆಲವು ಬಾಡಿಗೆ ಕಟ್ಟಲು ಬರೆದವು, ಅದು ಓದುವಾಗ ಗೊತ್ತಾಗುತ್ತೆ. ಆದರೆ ಆ ಅವಸರದಲ್ಲೇ ಅವನು ಮಾಡಿದ ಪ್ರಯೋಗಗಳನ್ನು ನೋಡಿ. 'ಸ್ಯಾವೇಜ್ ನೈಟ್' (1953) ಕಾದಂಬರಿಯ ನಾಯಕ ಐದಡಿ ಎತ್ತರದ, ಕ್ಷಯ ತಿಂದುಹಾಕುತ್ತಿರುವ ಬಾಡಿಗೆ ಕೊಲೆಗಾರ. ಕೊನೆಗೆ ಅವನ ದೇಹ ಚೂರಾಗುತ್ತಾ ಹೋದಂತೆ ಅಧ್ಯಾಯಗಳೂ ಚಿಕ್ಕದಾಗುತ್ತಾ ಬಂದು ಕೆಲವೇ ಸಾಲುಗಳಿಗೆ ಇಳಿಯುತ್ತವೆ. 'ಎ ಹೆಲ್ ಆಫ್ ಎ ವುಮನ್' (1954) ಕಾದಂಬರಿಯಲ್ಲಿ ಮನೆಮನೆಗೆ ಹೋಗಿ ಸಾಮಾನು ಮಾರುವ ಫ್ರಾಂಕ್ ಡಿಲನ್ ಎಂಬ ಸೇಲ್ಸ್‌ಮನ್ ಇದ್ದಾನೆ. ಅವನು ನಡುನಡುವೆ ತನ್ನ ಹೆಸರನ್ನು ಹಿಂದುಮುಂದು ಮಾಡಿಕೊಂಡು, ತಾನು ಕಷ್ಟಪಟ್ಟು ಮೇಲೆ ಬಂದ ಸಜ್ಜನ ಎಂಬಂತೆ ಆತ್ಮಕಥೆ ಬರೆಯತೊಡಗುತ್ತಾನೆ. ಕೊನೆಯ ಪುಟಗಳಲ್ಲಿ ಅವನ ಮನಸ್ಸು ಎರಡಾಗಿ, ಎರಡು ಬೇರೆ ಬೇರೆ ಅಂತ್ಯಗಳು ಸಾಲು ಬಿಟ್ಟು ಸಾಲು ಹೆಣೆದುಕೊಂಡು ಬರುತ್ತವೆ. ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ಲೇಖಕ ಇದನ್ನು ಮಾಡಿದ್ದರೆ ಪ್ರಬಂಧಗಳ ಮೇಲೆ ಪ್ರಬಂಧ ಬರುತ್ತಿದ್ದವು. ಸಿಗರೇಟು ಅಂಗಡಿಯ ಸ್ಟ್ಯಾಂಡಿನಲ್ಲಿದ್ದ ಪುಸ್ತಕಕ್ಕೆ ಆ ಭಾಗ್ಯ ಎಲ್ಲಿ?

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆ ಆಗುತ್ತೆ. ಥಾಂಪ್ಸನ್‌ನ ಕಾದಂಬರಿಗಳಲ್ಲಿ ಹೆಂಗಸರ ಮೇಲಾಗುವ ಹಿಂಸೆ ಸಹಿಸಲು ಕಷ್ಟ. ಲೂ ಫೋರ್ಡ್‌ಗೆ ಸಿಕ್ಕುವ ಜಾಯ್ಸ್, ಆಮಿ ಇಬ್ಬರನ್ನೂ ನಾವು ಅವನ ಕಣ್ಣಿಂದಷ್ಟೇ ನೋಡುತ್ತೇವೆ. ಅವರಿಗೆ ತಮ್ಮ ಕತೆ ಹೇಳಲು ಒಂದು ಪುಟವೂ ಸಿಗುವುದಿಲ್ಲ. 2010ರಲ್ಲಿ ಮೈಕೆಲ್ ವಿಂಟರ್‌ಬಾಟಮ್ ಈ ಕಾದಂಬರಿಯನ್ನು ಸಿನಿಮಾ ಮಾಡಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ಪ್ರೇಕ್ಷಕರು ಸಿಟ್ಟಾದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಪುಸ್ತಕದಲ್ಲಿ ಅದೇ ದೃಶ್ಯವನ್ನು ಕೊಲೆಗಾರ ಹೇಳುವಾಗ, ಅವನು ತನ್ನನ್ನು ತಾನು ಸಮರ್ಥಿಸಿಕೊಳ್ಳುವ ರೀತಿಯೂ ಜೊತೆಗೇ ಕೇಳಿಸುತ್ತೆ. ಅವಳನ್ನು ಪ್ರೀತಿಸ್ತಿದ್ದೆ, ಬೇರೆ ದಾರಿ ಇರಲಿಲ್ಲ, ಅವಳೇ ಕಾರಣ ಅಂತ. ಇವತ್ತಿನ ಪೇಪರ್ ತೆರೆದರೆ ಅದೇ ಸಮರ್ಥನೆ ಅದೇ ಧಾಟಿಯಲ್ಲಿ ಸಿಗುತ್ತದೆ. ಆ ದನಿಯನ್ನು ಗುರುತಿಸಲು ಥಾಂಪ್ಸನ್ ಕಲಿಸುತ್ತಾನೆ. ಹಾಗಂತ ಆ ಹೆಂಗಸರಿಗೆ ದನಿ ಕೊಡದೇ ಹೋದ ಕೊರತೆ ಮುಚ್ಚಿಹೋಗುವುದಿಲ್ಲ. ಎರಡೂ ನಿಜ, ಎರಡನ್ನೂ ಇಟ್ಟುಕೊಂಡೇ ಓದಬೇಕು.

ಹಾಲಿವುಡ್ ಅವನನ್ನು ನಡೆಸಿಕೊಂಡ ರೀತಿ ಇನ್ನೊಂದು ಅಧ್ಯಾಯ. ಎಳೆಯ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ 'ದಿ ಕಿಲ್ಲಿಂಗ್' (1956) ಚಿತ್ರಕ್ಕೆ ಅವನನ್ನು ಕರೆದ. ತೆರೆಯ ಮೇಲೆ ಚಿತ್ರಕಥೆ ಅನ್ನುವ ಜಾಗದಲ್ಲಿ ಕುಬ್ರಿಕ್‌ನ ಹೆಸರು ಬಂತು, ಥಾಂಪ್ಸನ್‌ಗೆ ಸಂಭಾಷಣೆಯ ಕ್ರೆಡಿಟ್ ಮಾತ್ರ. ಅವನಿಗೆ ಅದು ನೋವಾಯಿತು. ಆದರೂ ಮರುವರ್ಷ 'ಪಾತ್ಸ್ ಆಫ್ ಗ್ಲೋರಿ'ಗೆ ಕೆಲಸ ಮಾಡಿದ, ಅದರಲ್ಲಿ ಚಿತ್ರಕಥೆಗೆ ಹೆಸರು ಸಿಕ್ಕಿತು. ದೊಡ್ಡ ಪೆಟ್ಟು ಬಿದ್ದದ್ದು 1972ರಲ್ಲಿ. ಅವನ 'ದಿ ಗೆಟ್‌ಅವೇ' (1958) ಕಾದಂಬರಿಯನ್ನು ಸ್ಯಾಮ್ ಪೆಕಿನ್‌ಪಾ ಸಿನಿಮಾ ಮಾಡಿದ, ಮೆಕ್ವೀನ್ ನಾಯಕ. ಥಾಂಪ್ಸನ್ ಬರೆದ ಚಿತ್ರಕಥೆ ಪಕ್ಕಕ್ಕೆ ಹೋಯಿತು, ವಾಲ್ಟರ್ ಹಿಲ್ ಬೇರೆಯದೇ ಬರೆದ. ಕ್ರೆಡಿಟ್‌ಗಾಗಿ ಲೇಖಕರ ಸಂಘದವರೆಗೂ ಹೋಗಿ ಥಾಂಪ್ಸನ್ ಸೋತ.

ಸಿನಿಮಾದಲ್ಲಿ ಬ್ಯಾಂಕ್ ದೋಚಿದ ಗಂಡ ಹೆಂಡತಿ ಗಡಿ ದಾಟಿ ಸುಖವಾಗಿ ಹೋಗುತ್ತಾರೆ. ಕಾದಂಬರಿ ನಿಜವಾಗಿ ಶುರುವಾಗುವುದೇ ಅಲ್ಲಿಂದ! ಮೆಕ್ಸಿಕೊದಲ್ಲಿ ಎಲ್ ರೇ ಎಂಬ ದೊರೆಯ ಆಶ್ರಯ, ತಲೆತಪ್ಪಿಸಿಕೊಂಡ ಅಪರಾಧಿಗಳಿಗೆಲ್ಲ ಅಲ್ಲಿ ಜಾಗ. ಎಲ್ಲ ಐಷಾರಾಮಿ, ಆದರೆ ಎಲ್ಲಕ್ಕೂ ದುಬಾರಿ ಬಿಲ್. ಅಗ್ಗದ್ದು ಕೇಳಿದರೆ ಇಲ್ಲ. ಕದ್ದ ಹಣ ಕರಗುತ್ತಾ ಬರುತ್ತೆ. ಇಬ್ಬರಿಗಾಗುವ ಖರ್ಚು ಒಬ್ಬರಿಗೇ ಆದರೆ ಎಷ್ಟು ದಿನ ಉಳಿಯಬಹುದು ಎಂದು ದಂಪತಿಗಳು ಒಬ್ಬರನ್ನೊಬ್ಬರು ನೋಡಲು ಶುರು ಮಾಡುತ್ತಾರೆ. ಹಣ ಪೂರಾ ಮುಗಿದವರು ಪಕ್ಕದ ಹಳ್ಳಿಗೆ ಹೋಗಬೇಕು, ಅಲ್ಲಿ ತಿನ್ನಲು ಏನು ಸಿಗುತ್ತೆ ಅನ್ನೋದನ್ನ ನಾನು ಇಲ್ಲಿ ಬರೆಯಲ್ಲ. ಇಎಂಐ ಕಟ್ಟುವ ವಯಸ್ಸಿನಲ್ಲಿ ನರಕದ ಇದಕ್ಕಿಂತ ನಿಖರವಾದ ಚಿತ್ರವನ್ನು ನಾನಂತೂ ಓದಿಲ್ಲ. ಹಾಲಿವುಡ್ ಕತ್ತರಿಸಿದ್ದು ಸರಿಯಾಗಿ ಇದನ್ನೇ.

ಈಗ ಮತ್ತೆ ಆ 1280 ಜನರ ಹತ್ತಿರ ಬರೋಣ. 'ಪಾಪ್. 1280' ನನ್ನ ಮಟ್ಟಿಗೆ ಅವನ ಅತ್ಯುತ್ತಮ ಪುಸ್ತಕ. ಕಾರಣ, ಅದು ನಗಿಸುತ್ತದೆ. ನಿಕ್ ಕೋರಿ ಪಾಟ್ಸ್ ಕೌಂಟಿಯ ಶೆರಿಫ್. ಸೋಮಾರಿ, ತಿಂಡಿಪೋತ, ಎಲ್ಲರಿಂದ ಒದೆ ತಿನ್ನುವ ಬೆಪ್ಪ. ಹೀಗೆಂದು ಎಲ್ಲರೂ ನಂಬಿದ್ದಾರೆ. ಚುನಾವಣೆ ಹತ್ತಿರ ಬಂದಿದೆ, ಅವನು ಒಬ್ಬೊಬ್ಬರನ್ನೇ ದಾರಿಯಿಂದ ಸರಿಸುತ್ತಾ ಹೋಗುತ್ತಾನೆ. ಅವನಿಗೆ ತನ್ನ ಕೆಲಸದ ಮರ್ಮ ಚೆನ್ನಾಗಿ ಗೊತ್ತು. ದುಡ್ಡಿರುವವರನ್ನು ಮುಟ್ಟುವಂತಿಲ್ಲ. ಓಟಿಲ್ಲದವರನ್ನು, ಬಡವರನ್ನು, ಕರಿಯರನ್ನು ಹಿಡಿದರೆ ಯಾರೂ ಕೇಳಲ್ಲ. ಅಂಕಲ್ ಜಾನ್ ಎಂಬ ಕಪ್ಪು ಮನುಷ್ಯನನ್ನು ನಿಕ್ ಕೊಲ್ಲುವ ದೃಶ್ಯದಲ್ಲಿ ನಮ್ಮ ನಗು ಗಂಟಲಲ್ಲೇ ನಿಲ್ಲುತ್ತದೆ. ಏನೂ ತಪ್ಪು ಮಾಡದ ಮನುಷ್ಯ ಅವನು, ನೋಡಬಾರದ್ದನ್ನು ನೋಡಿಬಿಟ್ಟಿದ್ದ ಅಷ್ಟೇ. ಕೊಲ್ಲುವ ಮುಂಚೆ ನಿಕ್ ಅವನ ಜೊತೆ ಎಷ್ಟು ಮೃದುವಾಗಿ ಮಾತಾಡುತ್ತಾನೆ ಗೊತ್ತಾ? ನಿಕ್ ಕ್ರಮೇಣ ತಾನೇ ಕ್ರಿಸ್ತ ಎಂದು ನಂಬತೊಡಗುತ್ತಾನೆ. ಬೋರ್ಡಿನ ಮೇಲಿನ ಸಂಖ್ಯೆ ನಿಜಕ್ಕೂ ಕೇಳುವುದು ಒಂದೇ ಪ್ರಶ್ನೆ. ಈ ಊರಿನಲ್ಲಿ ಯಾರ ಪ್ರಾಣ ಲೆಕ್ಕಕ್ಕಿದೆ, ಯಾರದು ಇಲ್ಲ? ಫ್ರೆಂಚ್ ನಿರ್ದೇಶಕ ಬರ್ಟ್ರಾಂಡ್ ತವೆರ್ನಿಯೆ 1981ರಲ್ಲಿ ಇದೇ ಕತೆಯನ್ನು 1938ರ ಫ್ರೆಂಚ್ ಪಶ್ಚಿಮ ಆಫ್ರಿಕಾಕ್ಕೆ ಎತ್ತಿಕೊಂಡು ಹೋಗಿ 'ಕೂ ದೆ ತೋರ್ಶೋಂ' ಎಂಬ ಸಿನಿಮಾ ಮಾಡಿದ. ಕತೆ ಆ ವಸಾಹತಿಗೆ ಸಲೀಸಾಗಿ ಒಗ್ಗಿಕೊಂಡಿತು. ಪ್ರಶ್ನೆ ಅಲ್ಲೂ ಅದೇ ಆಗಿತ್ತಲ್ಲ.

ಕೊನೆಯ ವರ್ಷಗಳಲ್ಲಿ ಥಾಂಪ್ಸನ್ ಹಲವು ಸಲ ಪಾರ್ಶ್ವವಾಯುವಿಗೆ ತುತ್ತಾದ. ಬರೆಯುವುದು ನಿಂತಿತು. ಆಮೇಲೆ ಊಟವನ್ನೇ ಬಿಟ್ಟ. ಸಾಯುವ ಮುಂಚೆ ಆಲ್ಬರ್ಟಾಗೆ ಹೇಳಿದ್ದು, ಹಸ್ತಪ್ರತಿ ಮತ್ತು ಹಕ್ಕುಗಳನ್ನು ಜೋಪಾನ ಮಾಡು, ಇನ್ನೊಂದು ಹತ್ತು ವರ್ಷದಲ್ಲಿ ನನ್ನ ಹೆಸರು ಬರುತ್ತೆ ಅಂತ. ಲೆಕ್ಕ ಹೆಚ್ಚುಕಡಿಮೆ ಸರಿಯಾಗಿತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಲಿಝರ್ಡ್ ಎಂಬ ಸಣ್ಣ ಪ್ರಕಾಶನ ಅವನ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿತು. 1990ರಲ್ಲಿ ಅವನ ಕಾದಂಬರಿ ಆಧರಿಸಿದ 'ದಿ ಗ್ರಿಫ್ಟರ್ಸ್' ಚಿತ್ರ ನಾಲ್ಕು ಆಸ್ಕರ್ ನಾಮನಿರ್ದೇಶನ ಪಡೆಯಿತು. 1995ರಲ್ಲಿ ರಾಬರ್ಟ್ ಪೊಲಿಟೊ ಬರೆದ ಜೀವನಚರಿತ್ರೆಗೆ ವಿಮರ್ಶಕರ ರಾಷ್ಟ್ರೀಯ ಪ್ರಶಸ್ತಿ ಬಂತು.

ಇಷ್ಟಾದರೂ ನನ್ನ ವಯಸ್ಸಿನ ಓದುಗರಲ್ಲಿ ಅವನ ಹೆಸರು ಕೇಳಿದವರು ಕಮ್ಮಿ. ಸೀರಿಯಲ್ ಕಿಲ್ಲರ್‌ಗಳ ವೆಬ್ ಸರಣಿಗಳನ್ನು ರಾತ್ರಿಯೆಲ್ಲ ಕೂತು ನೋಡುತ್ತೇವೆ. ಅಲ್ಲಿ ಕೊಲೆಗಾರ ಬಹುಪಾಲು ಅಸಾಧಾರಣ ಜೀವಿ. ಮೇಧಾವಿ, ರಸಿಕ, ನಮಗಿಂತ ಬೇರೆ. ಅದು ನೆಮ್ಮದಿಯ ಭಯ, ಎಪಿಸೋಡ್ ಮುಗಿದ ಮೇಲೆ ನಿದ್ದೆ ಬರುತ್ತೆ. ಥಾಂಪ್ಸನ್ ಆ ನೆಮ್ಮದಿಯನ್ನು ಕೊಡಲ್ಲ. ಅವನ ಕೊಲೆಗಾರರು ಸಭ್ಯರು, ಎಲ್ಲರಿಗೂ ಬೇಕಾದವರು, ಸದಾ ಸರಿಯಾದ ಮಾತನ್ನೇ ಆಡುವವರು. ಊರು ಅವರನ್ನು ಪತ್ತೆ ಹಚ್ಚದೇ ಇರುವುದು ಅವರ ಜಾಣತನದಿಂದಲ್ಲ. ಸತ್ತವರು ಲೆಕ್ಕಕ್ಕಿಲ್ಲದವರು, ಅದರಿಂದ.

ಓದುವುದಾದರೆ 'ಪಾಪ್. 1280'ರಿಂದ ಶುರು ಮಾಡಿ. ಮೊದಲ ಐವತ್ತು ಪುಟ ಚೆನ್ನಾಗಿ ನಗುತ್ತೀರಿ. ಎಲ್ಲಿ ನಗು ನಿಂತಿತು ಅಂತ ಗುರುತು ಹಾಕಿಕೊಳ್ಳಿ. ಆ ಪುಟ ಒಬ್ಬೊಬ್ಬರಿಗೆ ಒಂದೊಂದಾಗಿರುತ್ತೆ, ಮತ್ತು ಅದು ಶೆರಿಫ್ ನಿಕ್ ಕೋರಿಗಿಂತ ನಮ್ಮ ಬಗ್ಗೆಯೇ ಹೆಚ್ಚು ಹೇಳುತ್ತೆ.